ವಾರ್ಸಾದಲ್ಲಿ ಮನೆ ಕೊಳ್ಳುವವರಿಗೆ

ಸಮಾಜವಾದೀ ಆಡಳಿತವು 1989ರಲ್ಲಿ ಕೊನೆಗೊಂಡ ಬಳಿಕ ಕೆಲವು ವರ್ಷಗಳ ಬವಣೆಯನ್ನು ದಾಟಿ, 2004ರಲ್ಲಿ ಐರೋಪ್ಯ ಒಕ್ಕೂಟವನ್ನು ಸೇರಿ, 2009ರಲ್ಲಿ ಆ ಒಕ್ಕೂಟದ ಉಳಿದ ದೇಶಗಳೆಲ್ಲವೂ ಆರ್ಥಿಕವಾಗಿ ಕುಗ್ಗಿದಾಗಲೂ ತಾನೊಂದೇ ಮುಂದುವರಿದ ಪೋಲೆಂಡಿನಲ್ಲಿ ಮನೆಯೊಂದನ್ನು ಕೊಂಡಿಟ್ಟರೆ ಬಾಡಿಗೆಯೂ ಬಂದೀತು, ಬೆಲೆಯೂ ಏರೀತು ಎಂದು ಹಣವುಳ್ಳವರು ಎಣಿಸುವುದು ಸಹಜವೇ ಆಗಿದೆ. ಆದರೆ ರಾಜಧಾನಿಯಾದ ವಾರ್ಸಾದಲ್ಲಿ, ಅದರಲ್ಲಿಯೂ ಯುದ್ಧಪೂರ್ವದ ಕಟ್ಟಡಗಳಲ್ಲಿ, ಮನೆ ಕೊಳ್ಳಹೊರಟವರು ಬೆಲೆಗಿಂತ ಮೊದಲು ಆ ನೆಲದ ಚರಿತ್ರೆಯನ್ನು ವಿಚಾರಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಮಹಾಯುದ್ಧದಲ್ಲಿ ನಾಜಿ ಸೈನ್ಯವು ಬಹುಪಾಲು ನೆಲಸಮ ಮಾಡಿದ್ದ ಆ ನಗರವನ್ನು ಮರಳಿ ಕಟ್ಟುವ ಸಲುವಾಗಿ, 1945ರ ಅಕ್ಟೋಬರ್ 26ರಂದು ಹೊರಟ, ಬಿಯೆರುತ್ ಆಜ್ಞೆಯೆಂದು ಹೆಸರಾದ ಶಾಸನವು ನಗರದ ಎಲ್ಲೆಯೊಳಗಿನ ಸಮಸ್ತ ಭೂಮಿಯನ್ನು ನಗರಾಡಳಿತಕ್ಕೆ ಒಪ್ಪಿಸಿತು. ನೆಲದ ಮೇಲಿನ ಹಕ್ಕಿಗಾಗಿ ಹಳೆಯ ಮಾಲೀಕರು ಸಲ್ಲಿಸಿದ ಅರ್ಜಿಗಳಲ್ಲಿ ಅನೇಕವು ತಿರಸ್ಕೃತವಾದವು. ಇನ್ನನೇಕಕ್ಕೆ ಉತ್ತರವೇ ಬರಲಿಲ್ಲ. 1989ರ ಅನಂತರ ವಾರಸುದಾರರು ನ್ಯಾಯವನ್ನು ಕೋರಿ ಮುಂದೆ ಬಂದುದು ಉಚಿತವೇ. ಅವರ ಹಕ್ಕುಗಳನ್ನು ಅಲ್ಪ ಮೊತ್ತಕ್ಕೆ ಕೊಂಡು, ಜನರು ವಾಸವಾಗಿದ್ದಂತೆಯೇ ಇಡೀ ಕಟ್ಟಡಗಳನ್ನು ವಶಪಡಿಸಿಕೊಂಡು, ಬಾಡಿಗೆಯನ್ನು ವಿಪರೀತ ಏರಿಸಿ ಮುದುಕರನ್ನೂ ಬಡವರನ್ನೂ ಹೊರದೂಡಿದ ದಲ್ಲಾಳಿಗಳ ನಡತೆ ಮಾತ್ರ ಘೋರವಾದುದು. ಇಂಥ ಬಾಡಿಗೆದಾರರ ಪರವಾಗಿ ಹೋರಾಡುತ್ತಿದ್ದ ಯೊಲಾಂತಾ ಬ್ಜೆಸ್ಕಾ ಎಂಬಾಕೆಯ ಸುಟ್ಟ ದೇಹವು 2011ರ ಮಾರ್ಚಿನಲ್ಲಿ ಕಬಾಟಿ ಅರಣ್ಯದಲ್ಲಿ ದೊರಕಿತು. ಹಾಗೆ ಬಾಡಿಗೆದಾರರನ್ನು ಹೊರದೂಡಿ ತೆರವು ಮಾಡಿದ ಮನೆಯನ್ನು, ತಿಳಿದೂ, ಲಾಭಕ್ಕಾಗಿ ಕೊಳ್ಳುವುದು ಸಜ್ಜನರಿಗೆ ಸಲ್ಲದು.

ವಿಚಾರಿಸುವ ದಾರಿ ಕಷ್ಟದ್ದಲ್ಲ. ಆ ದೇಶದ ಭೂ ನೋಂದಣಿ ಪುಸ್ತಕವು ಅದರ ಸಂಖ್ಯೆಯನ್ನು ಬಲ್ಲ ಯಾರಿಗಾದರೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಮೊದಲನೆಯ ಭಾಗದಲ್ಲಿ ಸ್ವತ್ತಿನ ವಿವರ, ಎರಡನೆಯದರಲ್ಲಿ ಮಾಲೀಕರು, ಮೂರನೆಯದರಲ್ಲಿ ಇತರರ ಹಕ್ಕು ಮತ್ತು ನಿರ್ಬಂಧಗಳು, ನಾಲ್ಕನೆಯದರಲ್ಲಿ ಅಡಮಾನ. ಪುಸ್ತಕವನ್ನು ನಂಬಿ ಹಣ ಕೊಟ್ಟು ಪ್ರಾಮಾಣಿಕವಾಗಿ ಕೊಂಡವನನ್ನು ಕಾನೂನು ಕಾಪಾಡುತ್ತದೆ. ಆದರೆ ಹೊಸದೊಂದು ಅರ್ಜಿ ಬಂದಿದೆಯೆಂಬ ಕಿರುಟಿಪ್ಪಣಿಯು ಅಲ್ಲಿದ್ದರೆ, ಆ ಅರ್ಜಿಯ ಮಟ್ಟಿಗೆ ಈ ರಕ್ಷಣೆ ಇಲ್ಲ. ಬಿಯೆರುತ್ ಆಜ್ಞೆಗೆ ಸಂಬಂಧಿಸಿದ ಹಕ್ಕುಗಳೆಲ್ಲವೂ ಈ ಪುಸ್ತಕದಲ್ಲಿ ಕಾಣದಿರಬಹುದಾದುದರಿಂದ ನಗರಾಡಳಿತದ ಕಚೇರಿಯಲ್ಲಿಯೂ ಕೇಳಿ ನೋಡಬೇಕು.

ಸಾಲದ ವಿಷಯದಲ್ಲಿ ಒಂದೇ ಮಾತು: ಬಡ್ಡಿ ಕಡಮೆಯೆಂದು ಸ್ವಿಸ್ ಫ್ರಾಂಕಿನಲ್ಲಿ ಸಾಲ ಮಾಡಿದ ಲಕ್ಷಾಂತರ ಪೋಲಿಷ್ ಕುಟುಂಬಗಳಿಗೆ, 2008ರಲ್ಲಿ ಆ ದೇಶದ ನಾಣ್ಯದಲ್ಲಿ 2 ಝ್ಲೋಟಿಯ ಆಸುಪಾಸಿನಲ್ಲಿದ್ದ ಫ್ರಾಂಕು 2015ರ ಜನವರಿಯಲ್ಲಿ 4ನ್ನು ದಾಟಿದಾಗ, ವರ್ಷಗಟ್ಟಲೆ ಕಂತು ಕಟ್ಟಿಯೂ ಬಾಕಿ ಮೊದಲಿಗಿಂತ ಹೆಚ್ಚಾಗಿ ನಿಂತಿತು, ಆದುದರಿಂದ ದುಡಿಮೆ ಯಾವ ನಾಣ್ಯದಲ್ಲಿದೆಯೋ ಸಾಲವೂ ಅದರಲ್ಲಿಯೇ ಇರಲಿ.

ಬಾಡಿಗೆಗೆ ಕೊಡುವಾಗ ಅಲ್ಲಿ ವಿಶೇಷ ಬಗೆಯ ಕರಾರೊಂದುಂಟು. ಮನೆಯನ್ನು ಬಿಡಬೇಕಾಗಿ ಬಂದರೆ ತಾನು ಹೋಗಿ ನೆಲಸುವ ಬೇರೊಂದು ಮನೆಯ ವಿಳಾಸವನ್ನು ಬಾಡಿಗೆದಾರನು ಮೊದಲೇ ಬರೆದುಕೊಡಬೇಕು, ಆ ಮನೆಯ ಒಡೆಯನೂ ಒಪ್ಪಿಗೆಯಿತ್ತಿರಬೇಕು, ಬಿಟ್ಟುಕೊಡುವೆನೆಂಬ ಮಾತು ನೋಟರಿಯ ಸಮಕ್ಷದಲ್ಲಿ ದಾಖಲಾಗಬೇಕು. ಮಾಲೀಕನಿಗೆ ಅಭಯವನ್ನೀಯುವಾಗಲೂ ಬಾಡಿಗೆದಾರನಿಗೊಂದು ಸೂರು ಇದೆಯೇ ಎಂದು ಕೇಳುವ ಈ ಏರ್ಪಾಡನ್ನು, ಕೊಳ್ಳುವವರು ತೊಡಕೆಂದು ಬಗೆಯದೆ ಮನಃಪೂರ್ವಕವಾಗಿ ಪಾಲಿಸಬೇಕೆಂದು ಕೋರುತ್ತೇನೆ.