ಮಾರ್ಚ್ 31ರ ಮಳೆ ಎಲ್ಲಿ ಹೋಯ್ತು?

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆಮಾಪಕ, ಜಗಲಿಯಲ್ಲೊಂದು ಡೈರಿ ಇರೋದು ಹೊಸದೇನಲ್ಲ. ಬೆಳಗ್ಗೆ ಎದ್ದು ಅಳೆದು, ಇಂಚು–ಸೆಂಟು ಲೆಕ್ಕದಲ್ಲಿ ಬರೆದಿಡ್ತಾರೆ. ನೂರು ಸೆಂಟು ಒಂದಿಂಚು, ಅಂದ್ರೆ 25.4 ಮಿಲಿಮೀಟರ್. ಕೊಟ್ಟಿಗೆಹಾರದಲ್ಲಿ ಹೊಯ್ದ ಮಳೆ ಗೋಣಿಬೀಡಿಗೆ ಬರಲೇಬೇಕೆಂದಿಲ್ಲ. ಹಾಗಾಗಿ ಬೇರೆಲ್ಲ ಲೆಕ್ಕಕ್ಕಿಂತ ಮನೆಯ ಡೈರಿಯೇ ನಂಬಿಕಸ್ಥ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಊರಿಗೆ ಹೋದಾಗ ಈ ಡೈರಿಯನ್ನು ಕಂಪ್ಯೂಟರಿಗೆ ಏರಿಸಿ, ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ತಿಂಗಳ ಮೊತ್ತ ತೆಗೆಯೋಕೆ ಕೂತರು ಅಂದುಕೊಳ್ಳಿ. ಮೊದಲು ಕೈಗೆ ಸಿಗೋ ಸಲಕರಣೆ ‘ರೇಂಜ್’. ಎಲ್ಲಿಂದ ಎಲ್ಲಿವರೆಗೆ ಅಂತ ಹೇಳಿದರೆ ಅಂಕಿಗಳನ್ನು ಒಂದೊಂದಾಗಿ ಕೊಡುತ್ತಾ ಹೋಗುತ್ತೆ. ಮಾರ್ಚ್ ತಾನೇ ಅಂತ ರೇಂಜ್(1, 31) ಅಂದರೆ ಅದು 30ಕ್ಕೇ ನಿಲ್ಲುತ್ತೆ. 31ನೇ ತಾರೀಕು ಮಾಯ! ಎರರ್ ಬರಲ್ಲ, ಎಚ್ಚರಿಕೆ ಬರಲ್ಲ. ಮೊತ್ತ ಮಾತ್ರ ಕಡಿಮೆ.

ಒಂದು ದಿನ ತಾನೇ ಅನ್ನಬೇಡಿ. ಮಾರ್ಚ್–ಏಪ್ರಿಲ್ ಅಂದರೆ ಹೂಮಳೆಯ ಕಾಲ. ಒಂದಿಂಚು ಹದವಾಗಿ ಬಿದ್ದರೆ ಗಿಡವೆಲ್ಲ ಬೆಳ್ಳಗೆ ಅರಳುತ್ತೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬೇಕು, ಬರದಿದ್ದರೆ ಸ್ಪ್ರಿಂಕ್ಲರ್ ಹೂಡಿ ಡೀಸೆಲ್ ಸುಡಬೇಕು. ಹೂಮಳೆ ಬಿದ್ದದ್ದೇ 31ಕ್ಕೆ ಆದರೆ, ನಿಮ್ಮ ಪಟ್ಟಿಯಲ್ಲಿ ಆ ವರ್ಷ ಹೂವೇ ಮಳೆಯಿಲ್ಲದೆ ಬಂದಂತೆ ಕಾಣುತ್ತೆ.

ಹಾಗಾದರೆ ರೇಂಜ್ ಯಾಕೆ ಹೀಗೆ? ನಮ್ಮ ‘ವರೆಗೆ’ಯನ್ನೇ ನೋಡಿ. ‘ಶುಕ್ರವಾರದವರೆಗೆ ರಜೆ’ ಅಂದರೆ ಶುಕ್ರವಾರವೂ ರಜೆ. ‘ಹತ್ತು ಗಂಟೆವರೆಗೆ ಮಲಗಿದ್ದ’ ಅಂದರೆ ಹತ್ತಕ್ಕೆ ಎದ್ದ ಅಂತ. ಮನುಷ್ಯರಿಗೆ ಸಂದರ್ಭ ಗೊತ್ತಾಗುತ್ತೆ, ಯಂತ್ರಕ್ಕೆ ಒಂದೇ ಅರ್ಥ ಬೇಕು. ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಪುಟ್ಟ ಟಿಪ್ಪಣಿಯೊಂದರಲ್ಲಿ, ಮೊದಲನೆಯದನ್ನು ಸೇರಿಸಿ ಕೊನೆಯದನ್ನು ಬಿಡೋದೇ ಸರಿ ಅಂತ ವಾದಿಸಿದ್ದರು. ಹಾಗೆ ಮಾಡಿದರೆ ಕೊನೆಯಿಂದ ಮೊದಲನ್ನು ಕಳೆದರೆ ಎಷ್ಟು ಅಂಕಿ ಅನ್ನೋದು ನೇರ ಸಿಗುತ್ತೆ. ಒಂದು ಸರಣಿ ಮುಗಿದಲ್ಲೇ ಮುಂದಿನದು ಶುರು, ನಡುವೆ ಸಂದಿಯೂ ಇಲ್ಲ, ಎರಡು ಸಲ ಎಣಿಸುವ ರಗಳೆಯೂ ಇಲ್ಲ.

ಮಳೆ ಅಳೆಯುವವರಿಗೆ ಇದು ಗೊತ್ತಿರೋ ವಿಷಯವೇ. ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತೆ. ನಿನ್ನೆ 8:30ರಿಂದ ಇವತ್ತು 8:30ರವರೆಗೆ ಬಿದ್ದದ್ದು ಇವತ್ತಿನ ಹೆಸರಿಗೆ. ಮಾಪಕ ಖಾಲಿ ಮಾಡಿ ಇಟ್ಟ ಮೇಲೆ ಬಿದ್ದ ಹನಿ ನಾಳೆಯದು. ಒಂದೇ ಹನಿ ಎರಡು ದಿನದ ಲೆಕ್ಕಕ್ಕೆ ಬರಬಾರದು, ಅಷ್ಟೇ.

ರೇಂಜ್‌ನ ಇನ್ನೊಂದು ಗುಣ ನನಗೆ ತುಂಬಾ ಇಷ್ಟ: ಅದು ಸೋಮಾರಿ. ಪೈಥಾನ್ 2ರಲ್ಲಿ ಅದು ಎಲ್ಲ ಅಂಕಿಗಳನ್ನೂ ಪಟ್ಟಿ ಮಾಡಿ ಮೆಮೊರಿ ತುಂಬಿಸುತ್ತಿತ್ತು. ಹಗುರ ಬೇಕಿದ್ದವರಿಗೆ ‘ಎಕ್ಸ್‌ರೇಂಜ್’ ಅಂತ ಬೇರೆಯೇ ಇತ್ತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3ರಲ್ಲಿ ರೇಂಜ್ ತಾನೇ ಹಗುರವಾಯ್ತು. ಈಗ ಅದು ನೆನಪಿಡೋದು ಶುರು, ಕೊನೆ, ಹೆಜ್ಜೆ — ಮುಖ್ಯವಾಗಿ ಮೂರೇ ಅಂಕಿ. ಮೂವತ್ತು ವರ್ಷದ ಡೈರಿ ಅಂದರೆ ಹನ್ನೊಂದು ಸಾವಿರದಷ್ಟು ದಿನ. ಅದಕ್ಕೂ ಮೂರು, ಒಂದು ತಿಂಗಳಿಗೂ ಮೂರು. ಈ ತಿಂಗಳ ಮೊದಲ ಸಂತೆ 5ನೇ ತಾರೀಕು ಬಿದ್ದಿದ್ದರೆ ರೇಂಜ್(5, 32, 7) ಅನ್ನಿ: 5, 12, 19, 26. ಇದರಲ್ಲಿ 26 ಇದೆಯಾ ಅಂತ ಕೇಳಿದರೆ ಒಂದೊಂದನ್ನೇ ಹುಡುಕಲ್ಲ, 5 ಕಳೆದು 7ರಿಂದ ಭಾಗಿಸಿ ಹೇಳಿಬಿಡುತ್ತೆ.

ಇನ್ನು ಮಾರ್ಚ್‌ಗೆ ರೇಂಜ್(1, 32) ಅಂತ ಬರೆದರೆ ಕೆಲಸ ಮುಗೀತು. ಆದರೆ ಎಲ್ಲ ತಿಂಗಳಿಗೂ 32 ನಡೆಯಲ್ಲ, ಫೆಬ್ರವರಿಯಂತೂ ನಾಲ್ಕು ವರ್ಷಕ್ಕೊಮ್ಮೆ ಕೈಕೊಡುತ್ತೆ. ಪೈಥಾನ್ ಜೊತೆಗೇ ಬರುವ ‘ಕ್ಯಾಲೆಂಡರ್’ ಮಾಡ್ಯೂಲಿನಲ್ಲಿ ‘ಮಂತ್‌ರೇಂಜ್’ ಇದೆ. ವರ್ಷ, ತಿಂಗಳು ಕೊಟ್ಟರೆ ಎರಡು ಅಂಕಿ ಕೊಡುತ್ತೆ: ಮೊದಲನೆಯದು ಒಂದನೇ ತಾರೀಕಿನ ವಾರ, ಎರಡನೆಯದು ತಿಂಗಳ ದಿನಗಳು. ಆ ಎರಡನೆಯದಕ್ಕೆ ಒಂದು ಸೇರಿಸಿ ರೇಂಜ್‌ಗೆ ಕೊಡಿ. ಮೊತ್ತ ಬಂದ ಮೇಲೆ ಡೈರಿ ಬರೆದವರ ಹತ್ತಿರ ಒಂದು ತಿಂಗಳದ್ದನ್ನಾದರೂ ತಾಳೆ ನೋಡಿಸಿ. ಯಾವ ದಿನ ಎಷ್ಟು ಸೆಂಟು ಬಿತ್ತು ಅನ್ನೋದು ಅವರಿಗೆ ಬಾಯಿಪಾಠ ಇರುತ್ತೆ.