ಯಂತ್ರಕ್ಕೂ ಮೊದಲು ಕೈ

ಪುಣೆಯ ಸದಾಶಿವ ಪೇಠದಲ್ಲಿ ಬೆಳಗಾದರೆ ಪ್ಯಾಥಾಲಜಿ ಲ್ಯಾಬಿನ ಮುಂದೆ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು. ರಕ್ತ ತೆಗೆಯುವವರು ನೇರಳೆ ಮುಚ್ಚಳದ ಟ್ಯೂಬ್ ತುಂಬಿಸಿ, ಕುಲುಕದೆ, ಮೆಲ್ಲಗೆ ಎಂಟು–ಹತ್ತು ಸಲ ತಲೆಕೆಳಗು ಮಾಡುತ್ತಾರೆ. ಕುಲುಕಿದರೆ ಕೆಂಪು ಕಣ ಒಡೆದು ಒಳಗಿನದೆಲ್ಲ ಹೊರಗೆ ಚೆಲ್ಲುತ್ತದೆ. ರಕ್ತದಲ್ಲಿನ ಸಣ್ಣ ಅಣುಗಳನ್ನು, ಅಂದರೆ ಮೆಟಬೊಲೈಟುಗಳನ್ನು, ಅಳೆಯುವ ಮೆಟಬಾಲೋಮಿಕ್ಸ್ ಎಂಬ ವಿದ್ಯೆ ಈ ಎಚ್ಚರದ ಮೇಲೆಯೇ ನಿಂತಿದೆ.

ಈ ವಿದ್ಯೆ ಕೈಹಾಕಿರುವ ಒಂದು ಪ್ರಶ್ನೆ ದೊಡ್ಡ ಕರುಳಿನದು. ಅದರ ಒಳಗೋಡೆಯಲ್ಲಿ ಸಣ್ಣ ಗಂಟುಗಳಂತೆ ಏಳುವ ಪಾಲಿಪ್‌ಗಳಲ್ಲಿ ಹೆಚ್ಚಿನವು ನಿರುಪದ್ರವಿ. ಆದರೆ ಅಡಿನೋಮಾ ಜಾತಿಯ ಕೆಲವು ಹತ್ತು ವರ್ಷದ ಆಸುಪಾಸಿನಲ್ಲಿ ಕ್ಯಾನ್ಸರ್ ಆಗುತ್ತವೆ. ಕ್ಯಾನ್ಸರ್ ಕೋಶ ವಿಪರೀತ ಗ್ಲೂಕೋಸ್ ಎಳೆದುಕೊಂಡು ಲ್ಯಾಕ್ಟೇಟ್ ಬಿಡುತ್ತದೆಂದು ವಿಜ್ಞಾನಿ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಕೋಶದ ಊಟ ಬದಲಾದರೆ ರಕ್ತದಲ್ಲಿನ ಅಮಿನೋ ಆಮ್ಲ, ಕೊಬ್ಬು, ಸಕ್ಕರೆಗಳ ಪ್ರಮಾಣವೂ ಏರುಪೇರಾಗುತ್ತದೆ. ಆ ಏರುಪೇರಿನಿಂದ ಪಾಲಿಪ್ ಯಾವುದು, ಕ್ಯಾನ್ಸರ್ ಯಾವುದು ಎಂದು ಹೇಳುವುದೇ ಇಲ್ಲಿನ ಸಾಹಸ.

ಕಷ್ಟ ಇರುವುದು ಟ್ಯೂಬಿನಲ್ಲೇ. ದೇಹ ಬಿಟ್ಟ ಮೇಲೂ ರಕ್ತಕಣ ಉಣ್ಣುತ್ತಲೇ ಇರುತ್ತದೆ. ಹಾಗೇ ಇಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸ್ ಇಳಿದು, ಲ್ಯಾಕ್ಟೇಟ್ ಏರುತ್ತದೆ. ಅಂದರೆ ವಾರ್ಬರ್ಗ್ ಗಡ್ಡೆಯಲ್ಲಿ ಕಂಡ ಗುರುತನ್ನೇ ಬರಿಯ ತಡ ಕೂಡ ಮೂಡಿಸಬಲ್ಲದು! ಅದಕ್ಕೇ ರಕ್ತವನ್ನು ಕೂಡಲೇ ತಣ್ಣಗಾಗಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ಹಳದಿ ಪ್ಲಾಸ್ಮಾ ತೆಗೆದು ಮೈನಸ್ 80 ಡಿಗ್ರಿಯಲ್ಲಿಡುತ್ತಾರೆ.

ಮುಂದೆ ತಣ್ಣನೆಯ ಮೆಥನಾಲ್ ಹಾಕಿದಾಗ ಪ್ರೋಟೀನ್ ಹೆಪ್ಪುಗಟ್ಟಿ ತಳ ಸೇರುತ್ತದೆ. ಉಳಿದ ತಿಳಿದ್ರವ ಕಾಲಮ್ ಎಂಬ ಸಪೂರ ಕೊಳವೆಯಲ್ಲಿ ಹರಿಯುತ್ತದೆ. ಪುಣೆಯ ತುಳಸಿಬಾಗ್ ಮಾರುಕಟ್ಟೆಯ ಓಣಿಯಲ್ಲಿ ಕೆಲವರು ಅಂಗಡಿ ಅಂಗಡಿಗೂ ನಿಂತು, ಕೆಲವರು ಸೀದಾ ನಡೆದು ಹೊರಬೀಳುವ ಹಾಗೆ ಒಂದೊಂದು ಅಣು ಒಂದೊಂದು ಹೊತ್ತಿಗೆ ಹೊರಬರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಅವನ್ನು ತೂಗುತ್ತದೆ. ಯಂತ್ರ ದಾರಿ ತಪ್ಪಿತೇ ಎಂದು ತಿಳಿಯಲು ಎಲ್ಲ ಸ್ಯಾಂಪಲ್ಲುಗಳಿಂದ ಚೂರುಚೂರು ಸೇರಿಸಿದ ಮಿಶ್ರಣವನ್ನು ನಡುನಡುವೆ ಓಡಿಸುತ್ತಾರೆ. ರೋಗಿಗಳ ಮತ್ತು ಆರೋಗ್ಯವಂತರ ಸ್ಯಾಂಪಲ್ ಒಂದೆಡೆ ಗುಂಪಾಗದಂತೆ ಸರದಿಯನ್ನೂ ಕಲಸುತ್ತಾರೆ.

2014ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಇಂಥ ಯಂತ್ರದಿಂದ ರಕ್ತದಲ್ಲಿನ 158 ಮೆಟಬೊಲೈಟ್‌ಗಳನ್ನು ಅಳೆಯಿತು. 66 ಕ್ಯಾನ್ಸರ್ ರೋಗಿಗಳು, 76 ಪಾಲಿಪ್ ಇದ್ದವರು, 92 ಆರೋಗ್ಯವಂತರು. ಯಾವ ಒಂದು ವಸ್ತುವಿನಿಂದಲೂ ಅಲ್ಲ, ಹಲವು ವಸ್ತುಗಳ ಒಟ್ಟು ವಿನ್ಯಾಸದಿಂದ ಕ್ಯಾನ್ಸರನ್ನು ಪಾಲಿಪ್‌ನಿಂದ ಬೇರ್ಪಡಿಸಬಹುದೆಂದು ಅದು ತೋರಿಸಿತು.

ಆದರೂ ಈ ರಕ್ತಪರೀಕ್ಷೆ, ಕರುಳಿನೊಳಗೆ ಕ್ಯಾಮೆರಾ ಹಾಯಿಸಿ ನೋಡುವ ಕೊಲೊನೋಸ್ಕೋಪಿಯ ಜಾಗಕ್ಕೆ ಬಂದಿಲ್ಲ. ಪಾಲಿಪ್ ಕಣ್ಣಾರೆ ಕಂಡು ಅಲ್ಲೇ ಕತ್ತರಿಸಿ ತೆಗೆಯುವುದು ಕೊಲೊನೋಸ್ಕೋಪಿಯಿಂದ ಸಾಧ್ಯ, ರಕ್ತಪರೀಕ್ಷೆಯಿಂದಲ್ಲ. ರಕ್ತದ ಮಾತು ನಂಬಬೇಕಾದರೆ ಊರೂರಿನ ಜನರಲ್ಲಿ ಅದೇ ಫಲ ಮತ್ತೆ ಮತ್ತೆ ಬರಬೇಕು. ಆದ್ದರಿಂದ ಇಂಥ ಸಂಶೋಧನೆ ಓದುವಾಗ ಯಂತ್ರದ ಹೆಸರಿಗಿಂತ ಮೊದಲು ನಾನು ಹುಡುಕುವುದು, ರಕ್ತ ತೆಗೆದ ಎಷ್ಟು ನಿಮಿಷಕ್ಕೆ ಅದನ್ನು ತಣ್ಣಗಾಗಿಸಿದರು ಎಂಬ ಸಾಲನ್ನು.