ಎರಡನೆಯ ಕೌದಿ

ಹೊಸದಾಗಿ ಕೈಗೆಲಸವನ್ನು ಕಲಿಯುವವರಿಗೆ ಮೊದಲನೆಯ ಕೆಲಸವು ಅಷ್ಟೊಂದು ಕಷ್ಟವಾದುದಲ್ಲ. ಅದು ಉತ್ಸಾಹದ ಬಲದಿಂದಲೇ ಮುಗಿದುಹೋಗುವುದು. ತಪ್ಪಿದರೂ ‘ಮೊದಲ ಸಲವಲ್ಲವೆ’ ಎಂಬ ಮಾತು ಅದನ್ನು ಕಾಪಾಡುವುದು. ನಿಜವಾದ ಪರೀಕ್ಷೆಯು ಎರಡನೆಯದರಲ್ಲಿ. ಇನ್ನು ಏನನ್ನು ಕೈಕೊಳ್ಳಬೇಕು, ಎಷ್ಟು ದೊಡ್ಡದನ್ನು ಕೈಕೊಳ್ಳಬೇಕು, ಯಾವ ಬಗೆಯು ನಮ್ಮ ಕೈಗೆ ಒಗ್ಗುವುದು ಎಂಬ ಪ್ರಶ್ನೆಗಳು ಆಗಲೇ ಹುಟ್ಟುವುವು. ಕೌದಿಯ ವಿಷಯದಲ್ಲಿ ನಮಗಾದ ಅನುಭವವನ್ನು ಸೋದರಿಯರ ಮುಂದಿಡುವುದು ಉಪಯುಕ್ತವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆಯ ಓದುಗರಿಗೆ ಕೌದಿಯೆಂದರೇನೆಂದು ಹೇಳಬೇಕಾದುದಿಲ್ಲ. ಉಳಿದವರ ಸಲುವಾಗಿ ಹೇಳುವುದಾದರೆ, ಉಟ್ಟು ಮೆತ್ತಗಾದ ಹತ್ತಿಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಎಲ್ಲವನ್ನೂ ಒಂದೇ ದಾರದಲ್ಲಿ ಸಾಲು ಸಾಲಾಗಿ ಹೊಲಿದ ಹಾಸಿಗೆಯೇ ಕೌದಿ. ಹಾಸಲೂ ಬರುವುದು, ಹೊದೆಯಲೂ ಬರುವುದು. ಮನೆಯ ಹೆಂಗಸರು ಬಿಡುವಿನ ವೇಳೆಯಲ್ಲಿ ಇದನ್ನು ಹೊಲಿಯುವರು. ಗೊಂದಲಿ ಸಮಾಜದ ಹೆಣ್ಣುಮಕ್ಕಳು ಊರೂರಿಗೆ ಹೋಗಿ, ಮನೆಯವರು ಕೊಟ್ಟ ಹಳೆಯ ಬಟ್ಟೆಯಿಂದ ಕೌದಿ ಹೊಲಿದುಕೊಡುವ ರೂಢಿಯೂ ಉಂಟು.

ನಮ್ಮ ಮೊದಲನೆಯ ಕೌದಿಯು ಎರಡಡಿ ಚೌಕದ ಕೂಸಿನ ಹಾಸು. ಅದರಲ್ಲಿ ನಾವು ಮಾಡದ ತಪ್ಪಿಲ್ಲ. ಪದರಗಳನ್ನು ಮೊದಲು ಉದ್ದನೆಯ ಕಚ್ಚಾ ಹೊಲಿಗೆಯಿಂದ ಹಿಡಿದು ನಿಲ್ಲಿಸಬೇಕೆಂಬುದನ್ನು ಅಲಕ್ಷಿಸಿದುದರಿಂದ ಒಳಗಿನ ಬಟ್ಟೆಯು ಸರಿದು ಗಂಟುಗಂಟಾಯಿತು. ಹೊಸ ಕೆಂಪು ಬಟ್ಟೆಯ ತುಂಡುಗಳನ್ನು ಮುಂಚೆ ತೊಳೆಯದೆ ಕೂಡಿಸಿದೆವು. ಮೊದಲನೆಯ ಒಗೆತದಲ್ಲಿಯೇ ಬಣ್ಣ ಬಿಟ್ಟು ಬಿಳಿಯ ತುಂಡುಗಳೆಲ್ಲ ಕೆಂಪೇರಿದುವು. ಅಂಚಂತೂ ಹಾವು ಹರಿದಂತಿತ್ತು. ಆದರೂ ಕೂಸು ಅದರ ಮೇಲೆ ಸುಖವಾಗಿ ಮಲಗಿತು; ನಮ್ಮ ಹುಮ್ಮಸ್ಸು ಬೆಟ್ಟದಷ್ಟಾಯಿತು.

ಆ ಹುಮ್ಮಸ್ಸಿನಲ್ಲಿ ನಾವು ಪೆಟ್ಟಿಗೆಯನ್ನು ತೆರೆದು, ತೀರಿಹೋದ ನಮ್ಮ ತಾಯಿಯವರ ಮೂರು ಇಳಕಲ್ ಸೀರೆಗಳನ್ನು ಹೊರಗೆ ತೆಗೆದೆವು. ಮೂರೂ ಒಂಬತ್ತು ಗಜದವು. ಹತ್ತಿಯ ಒಡಲು, ಕೆಂಪು ರೇಷ್ಮೆಯ ಸೆರಗು. ಅವುಗಳಿಂದ ದೊಡ್ಡದೊಂದು ಕೌದಿಯನ್ನು ಮಾಡಿ ತಂಗಿಗೆ ಕೊಡಬೇಕೆಂಬುದು ನಮ್ಮ ಆಸೆ. ಕತ್ತರಿಯನ್ನು ಕೈಗೆತ್ತಿಕೊಂಡಾಗ ಮಾತ್ರ ಕೈ ನಡುಗಿತು. ಒಮ್ಮೆ ಕತ್ತರಿಸಿದುದು ತಿರುಗಿ ಸೀರೆಯಾಗುವುದಿಲ್ಲ. ಅಷ್ಟರಲ್ಲಿ ಬಂದ ನೆರೆಮನೆಯ ಮುದುಕಿಯು ನಮ್ಮ ಪೇಚಾಟವನ್ನು ನೋಡಿ, “ತಂಗೀ, ಕತ್ತರಿ ಆಡಸೂದು ಒಂದ ಗಳಿಗಿ ಕೆಲಸ, ಕೂಡಸೂದು ವರ್ಷದ ಕೆಲಸ. ಮೊದಲ ಬೆಳಕಿಗೆ ಹಿಡದು ನೋಡು” ಎಂದಳು.

ನೋಡಿದೆವು. ಎರಡು ಸೀರೆಗಳು ಗಟ್ಟಿಯಾಗಿದ್ದುವು. ಮೂರನೆಯದು ಮಡಿಕೆಯ ಗೆರೆಗಳುದ್ದಕ್ಕೂ ಜರಡಿಯಂತೆ ಕಾಣಿಸಿತು; ಎರಡು ಹೆಬ್ಬೆರಳುಗಳಿಂದ ಮೆಲ್ಲನೆ ಎಳೆದರೆ ಎಳೆ ಬಿಡುತ್ತಿತ್ತು. ಜೋಪಾನವಾಗಿರಲೆಂದು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟುದೇ ಅದಕ್ಕೆ ಮುಳುವಾಗಿತ್ತು. ಅವಸರಪಟ್ಟು ಕತ್ತರಿಸಿದರೆ ಕೆಡುವುದು, ಹಾಗೆಯೇ ಇಟ್ಟರೂ ಕೆಡುವುದು. ಈ ಇಕ್ಕಟ್ಟಿನಿಂದಲೇ ನಮ್ಮ ಎರಡನೆಯ ಕೆಲಸದ ನಿರ್ಣಯವಾಯಿತು. ತಾಯಿಯ ಸೀರೆಗಳು ಮೂರನೆಯ ಕೌದಿಗೆ ಇರಲಿ. ಅದಕ್ಕೆ ಕೈಯನ್ನು ಸಿದ್ಧಪಡಿಸುವುದಕ್ಕಾಗಿಯೇ ಎರಡನೆಯದನ್ನು ಮಾಡತಕ್ಕದ್ದು. ಆದರೆ ಬಹಳ ದಿನ ತಡಮಾಡಲಾಗದು.

ಎಷ್ಟು ದೊಡ್ಡದನ್ನು ಮಾಡಬೇಕು? ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯು ಹಾಸಿಗೆ ಹೊಲಿಯುವವರಿಗೂ ಸಲ್ಲುವುದು. ಸಾಲಿನಿಂದ ಸಾಲಿಗೆ ಮುಕ್ಕಾಲು ಅಂಗುಲದ ಅಂತರವೆಂದು ಲೆಕ್ಕ ಹಿಡಿಯಿರಿ. ನಮ್ಮ ಎರಡಡಿಯ ಹಾಸಿಗೆ 32 ಸಾಲು, ಅಂದರೆ 64 ಅಡಿಗಳ ಹೊಲಿಗೆ. ಮೂರಡಿ ಅಗಲ ನಾಲ್ಕಡಿ ಉದ್ದದ್ದಕ್ಕೆ 48 ಸಾಲು, 192 ಅಡಿ. ನಾಲ್ಕೂವರೆ ಅಡಿ ಅಗಲ ಆರಡಿ ಉದ್ದದ ಪೂರ್ಣ ಕೌದಿಗೆ 72 ಸಾಲು, 432 ಅಡಿ. ಒಮ್ಮೆಗೇ ಏಳು ಪಟ್ಟು ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡವರ ಕೌದಿಯು ಅರ್ಧಕ್ಕೆ ನಿಂತು ಅಟ್ಟ ಸೇರುವುದರಲ್ಲಿ ಆಶ್ಚರ್ಯವೇನು? ಮೂರು ಪಟ್ಟು ಸಾಕು. ನಾವು ಮೂರಡಿ ನಾಲ್ಕಡಿಯ ಕೌದಿಯನ್ನೇ ಆರಿಸಿದೆವು.

ಇನ್ನು ಬಗೆಯ ವಿಚಾರ. ಹೊಲಿಗೆಯಲ್ಲಿ ಹಲವು ದಾರಿಗಳುಂಟು. ನಮ್ಮ ಸೀಮೆಯ ಕೌದಿಯಲ್ಲಿ ನೇರವಾದ ಸಾಲುಗಳೂ ಚೌಕ ಮುಕ್ಕೋನಗಳ ಜೋಡಣೆಯೂ ಕಾಣುವುವು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಯ ಸಿದ್ದಿ ಹೆಂಗಸರು ತಮ್ಮ ಕವಂದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ನಡುವಿನಲ್ಲಿ ಮುಗಿಸುವರು. ಮೂಲೆಗಳಲ್ಲಿ ಮಡಿಸಿದ ಮುಕ್ಕೋನದ ತುಂಡುಗಳನ್ನಿಟ್ಟು ಅವುಗಳನ್ನು ಹೂವೆಂದು ಕರೆಯುವರು. ವಂಗದೇಶದ ಹೆಂಗಸರು ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆಗಳನ್ನು ಬಿಡಿಸಿಕೊಂಡು ತಮ್ಮ ಕಾಂಥಾದ ಮೇಲೆ ಕಮಲ, ಆನೆ, ಮೀನುಗಳನ್ನು ಮೂಡಿಸುವರು. ಇವೆಲ್ಲವೂ ಚೆಲುವಾದುವೇ. ಆದರೆ ಚೆಲುವಾದುದೆಲ್ಲವೂ ನಮ್ಮ ಕೈಗೆ ಬಾರದು.

ತನ್ನ ಬಗೆಯನ್ನು ಹುಡುಕುವವಳು ಪರರ ಕೌದಿಗಿಂತ ಮೊದಲು ತನ್ನ ಮೊದಲನೆಯ ಕೌದಿಯನ್ನು ನೋಡಲಿ. ಅದನ್ನು ಗೋಡೆಗೆ ತೂಗಹಾಕಿ, ಹತ್ತು ಹೆಜ್ಜೆ ಹಿಂದೆ ಸರಿದು ನಿಂತು, ಕಣ್ಣು ಎಲ್ಲಿಗೆ ಮರಳಿ ಮರಳಿ ಹೋಗುವುದೆಂಬುದನ್ನು ಗಮನಿಸಲಿ. ನಮ್ಮ ಕಣ್ಣು ಹೋದುದು ಒಂದು ಸೊಟ್ಟ ಮೂಲೆಗೆ. ಅಲ್ಲಿ ತುಂಡು ವಕ್ರವಾಗಿ ಕುಳಿತುದರಿಂದ ನೇರ ಸಾಲು ಸಾಧ್ಯವಾಗದೆ, ಹೊಲಿಗೆಯು ತುಂಡಿನ ಅಂಚನ್ನೇ ಅನುಸರಿಸಿ ಸುತ್ತು ಹಾಕಿತ್ತು. ಒಳಗಿನ ಬಟ್ಟೆಯೂ ಅಲ್ಲಿ ಮಾತ್ರ ಸುಕ್ಕುಗಟ್ಟಿರಲಿಲ್ಲ. ಯಾವುದನ್ನು ದೋಷವೆಂದು ಬಗೆದಿದ್ದೆವೋ ಅದೇ ನಮ್ಮ ಕೈಯ ಸಹಜವಾದ ನಡೆಯಾಗಿತ್ತು. ಆದುದರಿಂದ ಎರಡನೆಯ ಕೌದಿಯಲ್ಲಿ ಗೆರೆ ಎಳೆದು ಹೊಲಿಯುವುದನ್ನು ಬಿಟ್ಟು, ಅಂಚಿನಿಂದ ಸುತ್ತಿ ಬರುವ ಕ್ರಮವನ್ನು ಹಿಡಿದೆವು.

ಬಟ್ಟೆಯನ್ನು ಮನೆಯಲ್ಲಿಯೇ ಒದಗಿಸಿಕೊಂಡೆವು: ಹಳೆಯ ಧೋತರ, ಮಕ್ಕಳ ಅಂಗಿ, ಗುಳೇದಗುಡ್ಡದ ಖಣದ ಕುಪ್ಪಸದ ತುಂಡುಗಳು. ಪಾಲಿಯೆಸ್ಟರ್ ಸೀರೆಗಳು ಇಂದು ಎಲ್ಲ ಮನೆಗಳಲ್ಲಿಯೂ ರಾಶಿಯಾಗಿರುವುವು. ಅವು ಬೆವರನ್ನು ಹೀರಲಾರವು, ಪದರದಲ್ಲಿ ಜಾರುವುವು. ಹತ್ತಿಯೊಡನೆ ಬೆರೆಸದಿರುವುದೇ ಲೇಸು. ಈ ಸಲ ಎಲ್ಲವನ್ನೂ ತೊಳೆದು ಬಿಸಿಲಿಗೆ ಒಣಗಿಸಿದೆವು. ನೆಲದ ಮೇಲೆ ಹರವಿ ಅಂಗೈಯಿಂದ ನಡುವಿನಿಂದ ಹೊರಗೆ ತೀಡಿ, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿದ ಮೇಲೆಯೇ ಸೂಜಿಯನ್ನು ಹಿಡಿದೆವು. ದಿನಕ್ಕೆ ಮೂರು ನಾಲ್ಕು ಅಡಿಗಳಂತೆ, ಸುಮಾರು ಎರಡು ತಿಂಗಳುಗಳಲ್ಲಿ ಕೆಲಸವು ಮುಗಿಯಿತು. ಮೊದಲ ಗೇಣಿನ ಹೊಲಿಗೆಗೂ ಕಡೆಯ ಗೇಣಿನ ಹೊಲಿಗೆಗೂ ಇರುವ ಅಂತರವನ್ನು ಯಾರಾದರೂ ಬೆರಳಿನಿಂದ ಸವರಿಯೇ ತಿಳಿಯಬಹುದು. ಕೈ ಬಲಿತಿದೆ.

ಈ ನಡುವೆ ಇನ್ನೊಂದು ಸಮಾಧಾನವೂ ದೊರೆಯಿತು. ಒಂಬತ್ತು ಗಜದ ಸೀರೆಯೆಂದರೆ 27 ಅಡಿ. ನಾಲ್ಕಾಗಿ ಮಡಿಸಿದರೆ ಆರೂ ಮುಕ್ಕಾಲು ಅಡಿ ಉದ್ದದ, ಸುಮಾರು ನಾಲ್ಕಡಿ ಅಗಲದ ನಾಲ್ಕು ಪದರಗಳು ತಾವಾಗಿಯೇ ಆಗುವುವು. ಕತ್ತರಿಯ ಅವಶ್ಯಕತೆಯೇ ಇಲ್ಲ! ಜೀರ್ಣವಾದ ಸೀರೆಯನ್ನು ಆ ಮಡಿಕೆಗಳ ನಡುವೆ ಇಟ್ಟರೆ ಸುತ್ತಲಿನ ಹೊಲಿಗೆಯೇ ಅದನ್ನು ಹಿಡಿದು ನಿಲ್ಲಿಸುವುದು. ಬಾಳುವುದು ಹೊರಗೆ, ಬಾಳಲಾರದುದು ಒಳಗೆ. ಉಳಿದ ಒಂದು ಸೀರೆಯನ್ನು ಸೀರೆಯಾಗಿಯೇ ತಂಗಿ ಉಡಬಹುದು.

ಸೋದರಿಯರೆ, ನಿಮ್ಮ ಪೆಟ್ಟಿಗೆಯಲ್ಲಿಯೂ ಇಂಥ ಸೀರೆಗಳಿದ್ದರೆ ಇಂದೇ ಹೊರತೆಗೆದು ಬೆಳಕಿಗೆ ಹಿಡಿಯಿರಿ, ಮಡಿಕೆಯನ್ನು ಬದಲಿಸಿರಿ. ಅನಂತರ ಅವುಗಳನ್ನು ಬದಿಗಿಟ್ಟು, ಮನೆಯ ಹಳೆಯ ಅರಿವೆಯಿಂದ ಸಣ್ಣದೊಂದು ಕೌದಿಯನ್ನು ಆರಂಭಿಸಿರಿ. ನಮ್ಮ ಎರಡನೆಯ ಕೌದಿಯು ಈಗ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದೆ. ಪೆಟ್ಟಿಗೆಯ ಕೀಲಿಕೈಯು ನಮ್ಮ ಸೆರಗಿನಲ್ಲಿದೆ. ಬರುವ ವಾರ ಸೀರೆಗಳನ್ನು ನೆಲದ ಮೇಲೆ ಹರವುವೆವು.